ಎಡಗಡೆಯ ಬ್ಯಾಟರಿ

ನೋಡಿದ್ದನ್ನು ನೋಡಿದ ಹಾಗೆಯೇ, ಒಂದನ್ನೂ ಬಿಡದೆ ಹೇಳುವುದು ನನ್ನ ಸ್ವಭಾವ. ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ಮದುವೆಮನೆಯ ಊಟ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಎಲೆಯ ತುದಿಯ ಉಪ್ಪಿನಿಂದ ಶುರುಮಾಡುತ್ತೇನೆ. ಪಾಯಸಕ್ಕೆ ಬರುವ ಹೊತ್ತಿಗೆ ಕೇಳಿದವರು ಎದ್ದು ಹೋಗಿರುತ್ತಾರೆ. ಅಂಥ ನಾನು ಈಚಿನವರೆಗೆ ಒಂದು ವಿಷಯವನ್ನು ಮಾತ್ರ ಬಚ್ಚಿಟ್ಟಿದ್ದೆ. ಅದು ಹೊರಬೀಳಲು ಒಂದು ರೈಲ್ವೆ ಗೇಟೂ ಕಾರಣ, ಅಲ್ಲಿಗೆ ಆಮೇಲೆ ಬರುತ್ತೇನೆ.

ಅಜ್ಜಂಪುರದಲ್ಲಿ ನನ್ನದೊಂದು ಹಳೆಯ ಲಾರಿ ಇದೆ. ಈರುಳ್ಳಿಯ ಕಾಲದಲ್ಲಿ ಈರುಳ್ಳಿ, ಉಳಿದ ಕಾಲದಲ್ಲಿ ಕರೆದವರ ಮಾಲು. ಹದಿನೆಂಟು ವರ್ಷದಿಂದ ಅದನ್ನು ಓಡಿಸುತ್ತಿರುವವನು ತಿಮ್ಮಣ್ಣ. ಲಾರಿ ನನ್ನದು ಎಂದು ಕಾಗದ ಹೇಳುತ್ತದೆ. ಲಾರಿಯನ್ನೇ ಕೇಳಿದರೆ ಬೇರೆ ಹೆಸರು ಹೇಳೀತು. ಒಮ್ಮೆ ದೇವನೂರಿನಲ್ಲಿ ಲೋಡು ಇಳಿಸಿ ಮಲಗಿದ ತಿಮ್ಮಣ್ಣ ಪಾರ್ಕಿಂಗ್ ಲೈಟು ಆರಿಸುವುದನ್ನು ಮರೆತ. ಬೆಳಿಗ್ಗೆ ಬ್ಯಾಟರಿ ಇಳಿದುಹೋಗಿ ಊರಿನವರೆಲ್ಲ ತಳ್ಳಬೇಕಾಯಿತು. "ತಪ್ಪಾಯ್ತು ಯಜಮಾನ್ರೇ, ನಿದ್ದೆ ಎಳೀತಿತ್ತು" ಎಂದು ತಾನಾಗಿಯೇ ಬಂದು ಹೇಳಿದ. ಅದು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹದಿನೆಂಟು ವರ್ಷ ಮರೆಯದವನು ಒಂದು ದಿನ ಮರೆತರೆ, ಉಳಿದ ದಿನಗಳ ಗತಿಯೇನು ಎಂದು ನನಗೆ ಯೋಚನೆ ಹತ್ತಿತು.

ನಮ್ಮ ಕಡೆ ಅಡಿಕೆ ಗೋದಾಮುಗಳಿಗೆ ಕ್ಯಾಮೆರಾ ಕಟ್ಟುವ ಒಬ್ಬನಿದ್ದಾನೆ. ತಿಮ್ಮಣ್ಣ ಕಡೂರಿಗೆ ನೆಂಟರ ಮದುವೆಗೆ ಹೋದ ದಿನ ಅವನನ್ನು ಕರೆಸಿದೆ. "ಕ್ಯಾಮೆರಾಕ್ಕೆ ಹನ್ನೆರಡು ವೋಲ್ಟು ಸಾಕು ಸಾರ್. ನಿಮ್ ಲಾರೀಲಿ ಎರಡು ಬ್ಯಾಟ್ರಿ ಸೇರಿ ಇಪ್ಪತ್ನಾಲ್ಕು ಐತೆ. ಒಂದರಿಂದ ಮಾತ್ರ ಎಳ್ಕಂಡ್ರಾಯ್ತು" ಎಂದು, ಕ್ಯಾಬಿನ್ನಿನಲ್ಲಿರುವ ದೇವರ ಪಟದ ಪ್ಲಾಸ್ಟಿಕ್ ಹಾರದೊಳಗೆ ಅದನ್ನು ಕೂರಿಸಿಕೊಟ್ಟ. ಹಗಲೂ ರಾತ್ರಿ ನಡೆಯುತ್ತದೆ, ಮೊಬೈಲಿನಲ್ಲೇ ನೋಡಬಹುದು. ಅಂದಿನಿಂದ ಎರಡು ದಿನಕ್ಕೊಮ್ಮೆ ಬ್ಯಾಟರಿ ಇಳಿಯತೊಡಗಿತು. ನಾನು ಮೊಬೈಲು ನೋಡಿದೆ. ತಿಮ್ಮಣ್ಣ ಎಲ್ಲ ಸ್ವಿಚ್ಚನ್ನೂ ಆರಿಸಿ, ಇನ್ನೊಮ್ಮೆ ಮುಟ್ಟಿ ನೋಡಿ, ಸ್ಟಿಯರಿಂಗ್ ತಟ್ಟಿ ಇಳಿಯುತ್ತಿದ್ದ. ಬೇರೆಯವರಾದರೆ ಇಷ್ಟಕ್ಕೆ ಅನುಮಾನ ಬಿಡುತ್ತಿದ್ದರು. ನಾನು, ಕ್ಯಾಮೆರಾಕ್ಕೆ ಕಾಣದ ಇನ್ನೊಂದು ಸ್ವಿಚ್ಚು ಎಲ್ಲೋ ಇರಬೇಕು ಎಂದುಕೊಂಡೆ. ಬ್ಯಾಟರಿಗಳನ್ನು ಹೊಸದಾಗಿ ಹಾಕಿಸಿದೆ. ಅವೂ ಇಳಿದವು. ಪ್ರತಿ ಸಲವೂ ಎಡಗಡೆಯದೇ ಮೊದಲು ಇಳಿಯುತ್ತದೆ ಎಂದು ದಿನಾಂಕ, ಹೊತ್ತು ಸಮೇತ ಪುಸ್ತಕದಲ್ಲಿ ಬರೆದಿದ್ದೇನೆ. ಬರೆಯುವುದು ನನ್ನ ಕೆಲಸ. ಓದಿ ಅರ್ಥಮಾಡಿಕೊಳ್ಳುವುದು ಬೇರೆ ಯಾರದ್ದೋ ಎಂದು ಭಾವಿಸಿದ್ದೆನೋ ಏನೋ.

ಇನ್ನು ಗೇಟು. ಕಡೂರಿನ ಆಚೆ ಹಳಿ ದಾಟುವಾಗ ಬೈಕೊಂದು ಅಡ್ಡ ಬಂತು. ತಿಮ್ಮಣ್ಣ ಬ್ರೇಕು ಒತ್ತಿದ, ಎಂಜಿನ್ ನಿಂತಿತು. ಮುಂದಿನ ಚಕ್ರ ಹಳಿ ದಾಟಿತ್ತು, ಹಿಂದಿನದು ದಾಟಿರಲಿಲ್ಲ. ಕೀ ತಿರುಗಿಸಿದರೆ ಟಕ್ ಎಂಬ ಒಂದೇ ಸದ್ದು. ಗೇಟಿನವನು ಕೆಂಪು ಬಾವುಟ ಹಿಡಿದು ಓಡಿಬಂದ. ಹಿಂದಿನ ಬಸ್ಸಿನವರು ಇಳಿದು ತಳ್ಳಿ ಹಳಿ ದಾಟಿಸಿದರು. ಪಕ್ಕದ ಸೀಟಿನಲ್ಲಿದ್ದ ನಾನು ಬಾಗಿಲು ತೆಗೆಯುವುದು ಹೇಗೆಂದೇ ಮರೆತಿದ್ದೆ. ಗೇಟು ಹಾಕಿ ರೈಲು ಹೋದದ್ದು ಹನ್ನೊಂದು ನಿಮಿಷದ ಮೇಲೆ, ಗಡಿಯಾರ ನೋಡಿದ್ದೇನೆ. ಆ ಗಾಬರಿಯಲ್ಲಿ, ಅಷ್ಟು ಜನರ ಮುಂದೆ ಕೇಳಿಬಿಟ್ಟೆ: "ನಿನ್ನೆ ಲೈಟ್ ಆರಿಸಿದ್ಯೇನೋ?"

ಸಂಜೆ ತಿಮ್ಮಣ್ಣ ಮನೆಯ ಹತ್ತಿರ ಬಂದು, ಜಗಲಿಯ ಕೆಳಗೇ ನಿಂತು ಹೇಳಿದ: "ಶನಿವಾರದ ತಂಕ ಬತ್ತೀನಿ ಯಜಮಾನ್ರೇ. ಆಮೇಲೆ ಬೇರೆಯವ್ರನ್ನ ನೋಡ್ಕಳಿ. ಜನರ ಎದುರ್ಗೆ ಕೇಳ್ಬಿಟ್ರಿ, ಇನ್ ಆಗಕಿಲ್ಲ."

ಶನಿವಾರ ಲಾರಿಯನ್ನು ತರೀಕೆರೆಗೆ ಒಯ್ದೆವು. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಬಾಷಾ ಸಾಬ್ರು ಎಂಬ ಎಲೆಕ್ಟ್ರಿಷಿಯನ್ ಇದ್ದಾರೆ. ಮೀಟರು ಹಿಡಿದು ಒಂದೊಂದೇ ಫ್ಯೂಸು ಕಿತ್ತರು. ಹಾರ್ನ್ ಅಲ್ಲ, ಲೈಟಲ್ಲ, ವೈಪರ್ ಅಲ್ಲ. ಎಲ್ಲ ಕಿತ್ತ ಮೇಲೂ ಮೀಟರು ಕರೆಂಟು ಹರಿಯುತ್ತಿದೆ ಎಂದೇ ತೋರಿಸುತ್ತಿತ್ತು. "ಲಾರಿ ತಗಂಡ ಮೇಲೆ ಏನಾದ್ರೂ ಕಟ್ಸಿದ್ದೀರಾ ಸಾವ್ಕಾರ್ರೇ?" ಎಂದರು. ತಿಮ್ಮಣ್ಣ ಪಕ್ಕದಲ್ಲೇ ಇದ್ದ. "ಇಲ್ಲ" ಎಂದೆ. ಉಪ್ಪಿನಿಂದ ಪಾಯಸದವರೆಗೆ ಹೇಳುವ ಬಾಯಿ ಅಷ್ಟಕ್ಕೇ ಮುಚ್ಚಿಕೊಂಡಿತು. ಅಷ್ಟು ಸಣ್ಣ ಕ್ಯಾಮೆರಾ ಇಷ್ಟು ದೊಡ್ಡ ಲಾರಿಯನ್ನು ನಿಲ್ಲಿಸೀತೇ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ.

ಸಾಬ್ರು ಎರಡೂ ಬ್ಯಾಟರಿಯನ್ನು ಬೇರೆ ಬೇರೆಯಾಗಿ ಅಳೆದು ನಕ್ಕರು. "ಬಲಗಡೇದು ಹೊಟ್ಟೆ ತುಂಬ ಉಂಡೈತೆ, ಎಡಗಡೇದು ಉಪವಾಸ. ಒಂದೇ ಮನೇರು ಕಣ್ರೀ ಇಬ್ರೂ. ಲಾರಿ ಲೈಟ್ ಉರಿದಿದ್ರೆ ಎರಡೂ ಇಳೀಬೇಕಿತ್ತು. ಒಂದರಿಂದ ಮಾತ್ರ ಯಾರೋ ಕದ್ದು ಕುಡೀತಾವ್ರೆ."

ಎಡಗಡೆಯ ಬ್ಯಾಟರಿಯಿಂದ ಹೊರಟ ತೆಳ್ಳನೆಯ ಕಪ್ಪು ವೈರನ್ನು ಮೊದಲು ಕಂಡವನು ತಿಮ್ಮಣ್ಣನೇ. ಬೆರಳಿನಲ್ಲಿ ಹಿಡಿದು ಹಿಡಿದು ಕ್ಯಾಬಿನ್ನಿಗೆ ಹತ್ತಿದ. ಹಾರ ಸರಿಸಿದ. ಕ್ಯಾಮೆರಾ ಅವನನ್ನು ನೋಡಿತು, ಅವನು ಕ್ಯಾಮೆರಾವನ್ನು ನೋಡಿದ.

"ನಾನು ಹಾಕಿಸಿದ್ದು ತಿಮ್ಮಣ್ಣ" ಎಂದೆ. ಯಾವತ್ತು, ಯಾರಿಂದ, ಯಾಕೆ, ಎಲ್ಲವನ್ನೂ ಹೇಳಿದೆ. ಸಾಬ್ರು ವೈರು ಕತ್ತರಿಸಿದರು. ಮೀಟರು ಸೊನ್ನೆಗೆ ಇಳಿಯಿತು. "ಕಾವಲಿಗೆ ಇಟ್ಟೋನೇ ಉಂಡವ್ನೆ" ಎಂದು ಅವರು ಕೈ ಒರೆಸಿಕೊಂಡರು. ತಿಮ್ಮಣ್ಣ ನಗಲಿಲ್ಲ.

ಅಜ್ಜಂಪುರದ ಅರ್ಧ ದಾರಿಯಲ್ಲಿ ತಿಮ್ಮಣ್ಣ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿ, "ಕೊಡಿ, ನೋಡನ" ಎಂದು ನನ್ನ ಮೊಬೈಲು ಕೇಳಿದ. ತಾನು ಲೈಟು ಆರಿಸುವುದನ್ನು, ಸ್ಟಿಯರಿಂಗ್ ತಟ್ಟುವುದನ್ನು ತುಂಬ ಹೊತ್ತು ನೋಡಿದ. ಟೀ ಆರಿತು.

"ಬೆನ್ನು ಬಗ್ಗೋಗೈತೆ ಅಲ್ವಾ ನಂದು?"

"ಇಲ್ಲಪ್ಪ, ಕ್ಯಾಮೆರಾ ಓರೆಯಾಗಿತ್ತು."

"ನೋಡಿ, ಮತ್ತೆ ಸುಳ್ಳು" ಎಂದ. ಮೊದಲ ಸಲ ಮೀಸೆ ಅಲುಗಿತು. "ತಪ್ಪಾಯ್ತು ಅನ್ನಕ್ಕೆ ಇಷ್ಟು ಹೊತ್ತಾ?"

"ತಪ್ಪಾಯ್ತು ತಿಮ್ಮಣ್ಣ."

ಲೋಟ ಕೆಳಗಿಟ್ಟ. "ಸೋಮವಾರ ಲೋಡು ಎಷ್ಟೊತ್ತಿಗೆ?"

"ಆರಕ್ಕೆ" ಎಂದೆ.

"ನೀವೂ ಬನ್ನಿ. ಕ್ಯಾಮೆರಾ ಹೋಯ್ತಲ್ಲ, ನನ್ನ ನೋಡ್ಕಳಕ್ಕೆ ಒಬ್ರು ಬೇಕು."

ಏಳಕ್ಕೆ ಮೊದಲು ಏಳದ ನಾನು ಅಂದಿನಿಂದ ಆರಕ್ಕೆ ಹಾಜರು. ಸುಮ್ಮನೆ ನಿಲ್ಲುವುದು ಬೇಡವೆಂದು ತಿಮ್ಮಣ್ಣ ನನಗೆ ಲೋಡಿನ ಮೇಲೆ ಹಗ್ಗ ಬಿಗಿಯುವುದನ್ನು ಕಲಿಸಿದ್ದಾನೆ. ಮೊದಮೊದಲು ನಾನು ಕಟ್ಟಿದ ಗಂಟನ್ನು ಬಿಚ್ಚಿ ತಾನೇ ಮತ್ತೆ ಕಟ್ಟುತ್ತಿದ್ದ. ಮೊನ್ನೆ ಬಿಚ್ಚಲಿಲ್ಲ. ಎರಡು ಸಲ ಎಳೆದು ನೋಡಿ, ಹಾಗೇ ಬಿಟ್ಟ.