ಆಮೆಮರಿಗೊಂದು ಗಾದಿ

ನಮ್ಮ ಮಾಮಾ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಮನೆಯವರನ್ನಲ್ಲ, ಅವರ ಹಾಸಿಗೆಯನ್ನು! ಚಹಾ ಬರುವಷ್ಟರಲ್ಲಿ ಮಂಚದ ಹತ್ತಿರ ಹೋಗಿ, ಗಾದಿಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ವೈದ್ಯರು ನಾಡಿ ನೋಡಿದಂತೆ ಒತ್ತಿ ನೋಡುತ್ತಾನೆ. ಆಮೇಲೆ ಒಂದು ನಿಟ್ಟುಸಿರು. "ಹತ್ತಿ ಗಂಟ ಕಟ್ಟೇತ್ರಿ. ಇದರ ಮ್ಯಾಲೆ ಹ್ಯಾಂಗ ನಿದ್ದಿ ಬರತೈತಿ ನಿಮಗ?" ಅಲ್ಲಿಯವರೆಗೆ ಸುಖವಾಗಿ ಗೊರಕೆ ಹೊಡೆಯುತ್ತಿದ್ದವರಿಗೆ ಅವತ್ತಿನಿಂದ ನಿದ್ದೆ ಹಾರಿಹೋಗುತ್ತದೆ. ಗಾದಿ ಹೊತ್ತುಕೊಂಡು ಅವನ ಅಂಗಡಿಗೇ ಬರುತ್ತಾರೆ.

ಒಮ್ಮೆ ರೋಣದಲ್ಲಿ ಯಾರೋ ಹಿರಿಯರು ತೀರಿಕೊಂಡರೆಂದು ಮನೆಯವರನ್ನು ಮಾತಾಡಿಸಲು ಹೋದವನು ಅಲ್ಲಾದರೂ ಸುಮ್ಮನಿದ್ದನೇ? ಅವರು ಮಲಗುತ್ತಿದ್ದ ಗಾದಿಯನ್ನು ಒತ್ತಿ ನೋಡಿ, ತಲೆ ಅಲ್ಲಾಡಿಸಿ, "ಸ್ವಲ್ಪ ಮೊದಲ ನನಗ ಹೇಳಿದ್ದರ..." ಎಂದನಂತೆ! ಅಳುತ್ತಿದ್ದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರೆಂದು ಜೊತೆಗೆ ಹೋಗಿದ್ದ ಮಾಮಿಯೇ ಹೇಳಿದಳು.

ನಮ್ಮದು ಹತ್ತಿ ಪಿಂಜಿ ಗಾದಿ ಹೊಲಿಯುವ ಮನೆತನ. ಗಜೇಂದ್ರಗಡದಲ್ಲಿ ಮುಂದೆ ಮಾಮಾನ ಅಂಗಡಿ, ಹಿಂದೆ ಮನೆ. ಕಾಲೇಜು ಓದಲೆಂದು ನಾನು ಅಲ್ಲಿದ್ದೆ. ಜಗತ್ತಿನ ಎಲ್ಲ ದುಃಖಕ್ಕೂ ಗಟ್ಟಿ ಹಾಸಿಗೆಯೇ ಕಾರಣ ಎಂಬುದು ಅವನ ಸಿದ್ಧಾಂತ. ಗಂಡ ಹೆಂಡತಿಯ ಜಗಳವೇ? ಗಾದಿ ಸರಿಯಿಲ್ಲ. ಹುಡುಗ ಪರೀಕ್ಷೆಯಲ್ಲಿ ನಪಾಸೇ? ಗಾದಿ ಸರಿಯಿಲ್ಲ. ಬೆಳಿಗ್ಗೆ ಎದ್ದ ಮಾಮಿ ಸೊಂಟದ ಮೇಲೆ ಕೈ ಇಟ್ಟುಕೊಂಡರೆ? ಗಾದಿ ಇನ್ನೂ ಮೆತ್ತಗಾಗಬೇಕು! ತಮ್ಮ ಮದುವೆಯ ಹೊತ್ತಿಗೆ ತಾನೇ ಹೊಲಿದಿದ್ದ ಗಾದಿಗೆ, ಮಾಮಿ "ಸೊಂಟಾ ಹಿಡದೈತ್ರಿ" ಅಂದಾಗಲೆಲ್ಲ ಅವನು ಇನ್ನಷ್ಟು ಹತ್ತಿ ತುಂಬುತ್ತ ಬಂದಿದ್ದ. ನಾನು ನೋಡುವ ಹೊತ್ತಿಗೆ ಅದನ್ನು ಹತ್ತಲು ಮಾಮಿಗೆ ಸ್ಟೂಲು ಬೇಕಾಗಿತ್ತು. ಹತ್ತಿ ಮಲಗಿದಳೆಂದರೆ ಒಳಗೆ ಮುಳುಗಿ, ಮೂಗಿನ ನತ್ತು ಮಾತ್ರ ಮೇಲೆ ಕಾಣುತ್ತಿತ್ತು! ಬರಬರುತ್ತ ಮಾಮಿ ಸೊಂಟದ ಮಾತನ್ನೇ ಬಿಟ್ಟಳು. ವಾಸಿಯಾಯಿತೆಂದು ಮಾಮಾ ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಇಂಥ ಮನೆಗೆ ಒಂದು ಆಮೆಮರಿ ಬಂತು. ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಚಳಿಗಾಲದ ಒಂದು ಬೆಳಿಗ್ಗೆ ಮುಶಿಗೇರಿಯ ರೈತರೊಬ್ಬರು ಮಗಳ ಮದುವೆಯ ಗಾದಿಗೆಂದು ಮನೆಯ ಹತ್ತಿಯನ್ನೇ ಚೀಲದಲ್ಲಿ ತುಂಬಿ ತಂದಿದ್ದರು. ಚೀಲದೊಳಗೆ ಕೈ ಹಾಕಿದ ಮಾಮಾನ ಮುಖ ಕೆಂಪಾಯಿತು.

"ಏನ್ರಿ ಇದು? ತೂಕಕ್ಕ ಕಲ್ಲ ಹಾಕೀರೇನು?"

"ಕಲ್ಲ ಹ್ಯಾಂಗ ಅಕ್ಕೈತ್ರಿ! ಕಾಲ ಬಡಿಯಾಕ ಹತ್ತೇತಿ ನೋಡ್ರಿ ಅದು!"

ನೋಡಿದರೆ ನಿಂಬೆಹಣ್ಣಿನಷ್ಟು ದೊಡ್ಡ ಆಮೆಮರಿ. ಬೆನ್ನ ಮೇಲೆ ಹಳದಿ ಗೆರೆ, ಬಾಯಲ್ಲಿ ಒಂದೆಳೆ ಹತ್ತಿ. ಹೊಲದ ಗುಡಿಸಲಿನಲ್ಲಿ ಇಟ್ಟಿದ್ದ ಚೀಲಕ್ಕೆ ಅದು ಯಾವಾಗ ನುಗ್ಗಿತ್ತೋ! ರೈತರು ನಗುತ್ತ ಅದನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೊರಟರು. ಮಾಮಾ ಅಂಗೈ ಮೇಲೆ ಇಟ್ಟುಕೊಂಡು ನೋಡಿದ. ಅದು ಕುತ್ತಿಗೆ ಚಾಚಿ ಅವನನ್ನು ನೋಡಿತು. ಮುಗಿದೇಹೋಯಿತು!

"ಹತ್ತಿಯೊಳಗ ಸಿಕ್ಕೈತಿ. ಹತ್ತಿಯೊಳಗ ಬೆಳೀಬೇಕು. ಏನ ಆದ್ರೂ ನನ್ನ ಮನಿಯಾಗ ಈ ಜೀವ ಸಾಯಬಾರದು" ಎಂದು ಸಾರಿದ. ಅದಕ್ಕೆ ನವಾಬ ಎಂದು ಹೆಸರಿಟ್ಟ.

ಹೆಸರಿಟ್ಟ ಮೇಲೆ ದರ್ಬಾರು ಬೇಡವೇ? ಪಿಂಜುವ ಯಂತ್ರ ಬಂದಿದ್ದ ಅಗಲವಾದ ಕಟ್ಟಿಗೆಯ ಪೆಟ್ಟಿಗೆ ಮನೆಯಲ್ಲಿತ್ತು. ಅದರ ಅಳತೆಗೆ ಸರಿಯಾಗಿ ಗುಲಾಬಿ ಬಣ್ಣದ ಸ್ಯಾಟಿನ್ ಗಾದಿ ಹೊಲಿದ. ಎರಡೂ ಕಡೆ ಹೆಬ್ಬೆರಳಿನಷ್ಟು ದಪ್ಪದ ಲೋಡುದಿಂಬು. ಹೊದೆಯಲು ಕೌದಿ! ಮದುವೆಯ ಗಾದಿಗಾಗಿ ಕಾದಿದ್ದ ಗಿರಾಕಿಗಳು ಬಂದು ಬಂದು ಹೋದರು. ಅವರಿಗೆಲ್ಲ ಒಂದೇ ಉತ್ತರ, "ಅರ್ಜಂಟ್ ಆರ್ಡರ್ ಬಂದೈತ್ರಿ."

ನವಾಬನಿಗೆ ಮಾತ್ರ ಆ ವೈಭವ ಒಗ್ಗಲಿಲ್ಲ. ಒಂದು ಹೆಜ್ಜೆ ಇಟ್ಟರೆ ಜಾರುತ್ತಿತ್ತು, ಎರಡನೆಯದಕ್ಕೆ ಅಂಗಾತ ಬೀಳುತ್ತಿತ್ತು. ಉಗುರಿಗೆ ದಾರ ಸಿಕ್ಕಿಕೊಳ್ಳುತ್ತಿತ್ತು. ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ಮೂಸಿಯೂ ನೋಡಲಿಲ್ಲ. "ಆಮಿ ಅಂದಮ್ಯಾಲೆ ನೀರಾಗ ಇಡಬೇಕಪಾ" ಎಂದು ಪಕ್ಕದ ಮನೆಯವರು ಹೇಳಿದ್ದೇ ತಡ, ಮಾಮಾ ಬಕೆಟ್ಟಿನಲ್ಲಿ ಬಿಟ್ಟ. ಅದು ಕಲ್ಲಿನಂತೆ ತಳಕ್ಕೆ ಹೋಯಿತು! ಕಿರುಚಿದ್ದು ನಾನು, ತೋಳು ಮಟ್ಟ ಕೈ ಹಾಕಿ ತೆಗೆದದ್ದು ಮಾಮಿ. ಮಾಮಾ ಮಾಡಿದ್ದೇನು? ನರಗುಂದದ ನೆಂಟರಿಗೆ ಫೋನು ಹಚ್ಚಿ, ಕರೆನ್ಸಿ ಮುಗಿಯುವವರೆಗೆ ಮಾತಾಡಿ, ಕೊನೆಗೆ ನಮ್ಮತ್ತ ತಿರುಗಿ, "ಗಾದಿ ಇನ್ನೂ ಮೆತ್ತಗ ಆಗಬೇಕು" ಎಂದ. ಮಾಮಿ ನವಾಬನನ್ನು ಸೆರಗಿನಿಂದ ಒರೆಸುತ್ತ ತನ್ನ ಮಂಚದ ಕಡೆ ನೋಡಿದಳು.

ನವಾಬ ಕಣ್ಣು ತೆರೆಯುವುದನ್ನೇ ಬಿಟ್ಟಾಗ ಮಾಮಾನ ಜಂಬವೆಲ್ಲ ಇಳಿಯಿತು. ಅವನೂ ಊಟ ಬಿಟ್ಟ. ಗಾದಿ ಸಮೇತ ಅದನ್ನು ಎತ್ತಿಕೊಂಡು ದನದ ದವಾಖಾನಿಗೆ ಓಡಿದ. ಹಿಂದೆ ನಾನು. ಡಾಕ್ಟರು ಸ್ಯಾಟಿನ್ನನ್ನೂ ಲೋಡುಗಳನ್ನೂ ನೋಡಿ, "ಏನ್ರಿ, ಯಾರ ಮದವಿ?" ಎಂದರು. ನಗು ಮುಗಿಸಿಕೊಂಡು ಮೆತ್ತಗೆ ಹೇಳಿದರು, "ನಾ ಎಮ್ಮಿ, ಆಕಳ ನೋಡಾಂವ. ಆದರೂ ಇಷ್ಟ ಗೊತ್ತೈತಿ, ಇದು ಹೊಲದಾಗಿನ ಪ್ರಾಣಿ. ಇದಕ್ಕ ಕಾಲಿಗೆ ಹತ್ತೂವಂಥಾ ಮಣ್ಣ ಬೇಕು. ಮುಂಜಾನಿ ಬಿಸಲ, ಹೊಕ್ಕೊಳ್ಳಾಕ ನೆರಳ, ತಟ್ಟಿಯಾಗ ಒಂದೀಟ ನೀರ, ತಿನ್ನಾಕ ಹಸರ ತಪ್ಪಲಾ. ಗಾದಿ ಬ್ಯಾಡ್ರಿ." ಇಂಥ ಪ್ರಾಣಿಯನ್ನು ಸಾಕಲು ಕಾನೂನು ಬಿಡುವುದಿಲ್ಲ, ಚೇತರಿಸಿಕೊಂಡ ಮೇಲೆ ಅರಣ್ಯದವರಿಗೆ ಒಪ್ಪಿಸಬೇಕು ಎಂದೂ ಹೇಳಿದರು. ಮಾಮಾನಿಗೆ ಕಾನೂನು ಕೇಳಿಸಲೇ ಇಲ್ಲ. "ಗಾದಿ ಬ್ಯಾಡ" ಎಂಬಲ್ಲಿಯೇ ಅವನ ಕಿವಿ ನಿಂತುಹೋಗಿತ್ತು!

ಮನೆಗೆ ಬಂದವನೇ ಪೆಟ್ಟಿಗೆಯನ್ನು ಖಾಲಿ ಮಾಡಿದ. ಹೊಲದ ಮಣ್ಣು ತಂದು, ಉಸುಕು ಬೆರೆಸಿ, ಜರಡಿ ಹಿಡಿದ. ಹೆಂಟೆಗಳನ್ನು ಹತ್ತಿಯ ಗಂಟು ಬಿಡಿಸುವಂತೆಯೇ ಬೆರಳಲ್ಲಿ ಬಿಡಿಸಿದ. ಹದವಾಗಿ ನೀರು ಚಿಮುಕಿಸಿ ಅಂಗೈಯಿಂದ ಒತ್ತಿ ಒತ್ತಿ ಗಟ್ಟಿ ಮಾಡಿದ. ಒಂದು ಮೂಲೆಯಲ್ಲಿ ಒಡೆದ ಗಡಿಗೆಯನ್ನು ಬೋರಲು ಹಾಕಿದ್ದು ನವಾಬನ ಮನೆ. ಡಬ್ಬಿಯ ಮುಚ್ಚಳದಲ್ಲಿ ನೀರು. ಬೆಕ್ಕು, ಕಾಗೆ ಬಾರದಂತೆ ಮೇಲೆ ಜಾಲರಿ. ಪೆಟ್ಟಿಗೆಯ ಅರ್ಧಕ್ಕೆ ಬಿಸಿಲು, ಅರ್ಧಕ್ಕೆ ನೆರಳು ಬೀಳುವಂತೆ ಹಿತ್ತಲಿನಲ್ಲಿ ಇಟ್ಟ. "ಒಂದ ಲೋಡ ಅರ ಇರಲೇನು?" ಎಂದು ಕಳ್ಳನಂತೆ ನನ್ನನ್ನು ಕೇಳಿದ. ನಾನು ದುರುಗುಟ್ಟಿ ನೋಡಿದೆ. ಲೋಡು ಜೇಬಿಗೆ ಹೋಯಿತು.

ಮರುದಿನ ಬೆಳಿಗ್ಗೆ ನವಾಬ ಮಾಯ! ಗಡಿಗೆಯ ಕೆಳಗೂ ಇಲ್ಲ, ನೀರಿನ ಹತ್ತಿರವೂ ಇಲ್ಲ. ಮಾಮಾ ಹಿತ್ತಲನ್ನೆಲ್ಲ ಹುಡುಕಿ, ಬೆಕ್ಕಿಗೆ ಬಾಯಿಗೆ ಬಂದಂತೆ ಬೈದು, ತಲೆಯ ಮೇಲೆ ಕೈ ಹೊತ್ತು ಕುಳಿತ. ಮಾಮಿ ಬಂದು ಪೆಟ್ಟಿಗೆಗೆ ಬಗ್ಗಿ, ಒಂದು ಕಡೆ ಮಣ್ಣು ಸಣ್ಣಗೆ ಉಬ್ಬಿದ್ದನ್ನು ತೋರಿಸಿದಳು.

"ಒಳಗ ಹೊಕ್ಕೊಂಡೈತ್ರಿ. ಎಬ್ಬಸಬ್ಯಾಡ್ರಿ. ಪಾಪ, ಇಷ್ಟ ದಿನಕ್ಕ ಅದಕ್ಕ ನೆಲಾ ಸಿಕ್ಕೈತಿ. ಎಷ್ಟ ಆರಾಮ ಮಲಗೈತಿ ನೋಡ್ರಿ!"

ಆ ಮಾತಿನಲ್ಲಿ ಎಂಥದೋ ಆಸೆಯಿತ್ತು. ಮಾಮಾ ಮಣ್ಣು ನೋಡುವುದನ್ನು ಬಿಟ್ಟು ಮಾಮಿಯ ಮುಖ ನೋಡಿದ. ಅವಳು ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾಗುತ್ತಿದ್ದಳು.

ಬಿಸಿಲು ಏರಿದ ಮೇಲೆ ಮಣ್ಣು ಅಲುಗಾಡಿತು. ನವಾಬ ಎದ್ದು ಬಂತು, ಬಿಸಿಲಿಗೆ ಮೈ ಕಾಯಿಸಿಕೊಂಡಿತು, ರೊಟ್ಟಿಯ ಜೊತೆ ನಾವು ತಿನ್ನಲೆಂದು ತಂದಿದ್ದ ಹಕ್ಕರಕಿ ಸೊಪ್ಪಿಗೆ ಬಾಯಿ ಹಾಕಿತು. ಚೂರು ಕಿತ್ತು ಅಗಿಯಿತು. ಮತ್ತೊಂದು ಚೂರು! ನಾನು ಚಪ್ಪಾಳೆ ತಟ್ಟಿ ಕುಣಿದೆ. ನಮ್ಮ ಗದ್ದಲಕ್ಕೆ ಅಕ್ಕಪಕ್ಕದವರೆಲ್ಲ ಬಂದರು. ಎಲ್ಲರಿಗೂ ಚಹಾ ಆಯಿತು. ಮಾಮಾ ಮಾತ್ರ ಚಹಾ ಮುಟ್ಟದೆ ಮಾಮಿಯನ್ನೇ ನೋಡುತ್ತಿದ್ದ. ಮುಂದೆ ಮಳೆಗಾಲದಲ್ಲಿ ಅರಣ್ಯದವರು ಬಂದು ಗಟ್ಟಿಮುಟ್ಟಾದ ನವಾಬನನ್ನು ಒಯ್ದಾಗ ಅವನು ಅತ್ತದ್ದು ಬೇರೆ ಕತೆ.

ನವಾಬ ಸೊಪ್ಪು ತಿಂದ ದಿನವೇ ಮಧ್ಯಾಹ್ನ ಊಟವಾದ ಮೇಲೆ ಒಳಗಿನ ಕೋಣೆಯಿಂದ ಧಡ್ ಎಂದು ಸದ್ದಾಯಿತು. ಮಾಮಾ ತಮ್ಮ ಮದುವೆಯ ಗಾದಿಯನ್ನು ಮಂಚದಿಂದ ಕೆಳಗೆ ಕೆಡವಿದ್ದ. ಕೋಣೆಯ ತುಂಬ ಗಾದಿಯೇ! ಮಾಮಿ ಓಡಿಬಂದಳು.

"ಅಯ್ಯ, ಮತ್ತ ಹತ್ತಿ ತುಂಬತೀರೇನ್ರಿ?"

"ಇಲ್ಲ. ಖರೇ ಹೇಳು, ನಿನಗ ಇದರ ಮ್ಯಾಲೆ ನಿದ್ದಿ ಬರತೈತೇನು?"

ಮಾಮಿ ಸೆರಗಿನ ತುದಿ ಸುತ್ತುತ್ತ ನಿಂತಳು. "ಇಲ್ರಿ. ತವರಮನಿಯಾಗ ನಾ ಚಾಪಿ ಮ್ಯಾಲೆ ಮಲಗಾಕಿ."

"ಮತ್ತ ಯಾಕ ಹೇಳಲಿಲ್ಲ?"

"ಅಷ್ಟ ಅಕ್ಕರತಿಲೆ ಹೊಲದೀರಿ... ಊರೆಲ್ಲ ನಿಮ್ಮ ಗಾದಿ ಬೇಕಂತೈತಿ. ಮನಿ ಹೆಣತಿ ಬ್ಯಾಡ ಅಂದ್ರ ನಿಮಗ ಹ್ಯಾಂಗ ಅನಸತೈತ್ರಿ?"

ಮಾಮಾ ಗಾದಿಯನ್ನು ಗೋಡೆಗೆ ಸರಿಸಿದ. ಖಾಲಿ ನೆಲಕ್ಕೆ ಚಾಪೆ ಹಾಸಿದ. ಮೊಣಕಾಲೂರಿ, ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಊರಿನ ಗಾದಿಗಳನ್ನೆಲ್ಲ ಒತ್ತಿ ನೋಡುವಂತೆಯೇ ಒತ್ತಿ ನೋಡಿದ. "ಚಲೋ ಐತಿ. ಎಲ್ಲೂ ಗಂಟಿಲ್ಲ. ಮಲಕೋ" ಎಂದ. ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಮಾಮಿ ಮಲಗಿದಳು. ಮಲಗಿದ್ದೇ ತಡ, ನಿದ್ದೆ ಹೋದಳು. ಅಷ್ಟರಲ್ಲಿ ಅಂಗಡಿಯಿಂದ ಗಿರಾಕಿಯೊಬ್ಬರು ಜೋರಾಗಿ ಕೂಗಿದರು. ಮಾಮಾ ತುದಿಗಾಲಲ್ಲಿ ಓಡಿ ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲಕ ಮಾತಾಡ್ರಿ. ಒಳಗ ನಿದ್ದಿ ಹತ್ತೇತಿ."

ಗಿರಾಕಿ ಕಿವಿಗೊಟ್ಟು ಕೇಳಿದರು. ಮಾಮಿಯ ಗೊರಕೆ ಹೊರಗಿನವರೆಗೂ ಕೇಳುತ್ತಿತ್ತು. "ಅಬಬಾ, ಎಂಥಾ ನಿದ್ದಿ! ನನಗೂ ಅಂಥಾದ್ದ ಒಂದ ಗಾದಿ ಹೊಲದ ಕೊಡ್ರಿ" ಎಂದರು.

"ಅದು ನಾ ಹೊಲದದ್ದಲ್ರಿ" ಎಂದ ಮಾಮಾ.