ಗಾಳಿಕೋಟೆಯ ಕೊನೆಯ ನಲವತ್ತು ಪುಟ

ಸೀಟಿನ ಲೆಕ್ಕದ ಟಂಟಂ ಆಟೋ ಹೊಡೆಯುವವನ ಬದುಕಿನಲ್ಲಿ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಬ್ರೇಕ್ ಹತ್ತುವುದಿಲ್ಲ, ಆಡು ಅಡ್ಡ ಬರುತ್ತದೆ, ಕಿಟಕಿ ಕಡೆಯ ಸೀಟಿಗಾಗಿ ಬೀಗರು ಬೀಗರೇ ಜಗಳಾಡುತ್ತಾರೆ. ಆದರೆ ಬಸವಕಲ್ಯಾಣದ ಸ್ಟ್ಯಾಂಡಿನಲ್ಲಿ ಪುಸ್ತಕದಿಂದ ಫಜೀತಿ ಪಟ್ಟವನು ನಾನೊಬ್ಬನೇ.

೧. ಸೀಟಿನ ಕೆಳಗೆ ಸಿಕ್ಕ ರಾಣಿ

ನಾನು ಸಾಲಿ ಬಿಟ್ಟದ್ದು ಏಳನೇ ಇಯತ್ತೆಯಲ್ಲಿ. ಒಂದು ಲಾರಿ ಸೊಲ್ಲಾಪುರಕ್ಕೆ ಹೊರಟಿತ್ತು, ಹತ್ತಿದೆ. ಅಷ್ಟೇ ಕಾರಣ. ಅಲ್ಲಿತನಕ ಸಾಲಿಯ ಕಪಾಟಿನೊಳಗಿನ ಕತೆ ಪುಸ್ತಕ ಒಂದೂ ಬಿಡದೆ ಓದಿದವನು, ಆಮೇಲೆ ಇಪ್ಪತ್ತು ವರ್ಷ ಓದಿದ್ದು ಮೈಲುಗಲ್ಲು, ನಂಬರ್ ಪ್ಲೇಟು, ಧಾಬಾದ ಬೋರ್ಡು. ಲಗ್ನವಾದ ಮೇಲೂ ಕಾಲು ಒಂದು ಕಡೆ ನಿಲ್ಲಲಿಲ್ಲ. ಎರಡು ತಿಂಗಳು ಊರಲ್ಲಿದ್ದರೆ ಮೂರನೇ ತಿಂಗಳು ಹೈದರಾಬಾದೋ ಪುಣೆಯೋ. ಹೆಂಡತಿಯ ಮಾತು ಒಂದೇ: "ಒಂದ್ ವರ್ಷರೆ ಮನ್ಯಾಗ ನಿಲ್ರಿ. ಮಾಳಿಗಿ ಸೋರಾಕತ್ತದ."

ಹೋದ ವರ್ಷ ಟಂಟಂ ಕೊಂಡು ಹುಮನಾಬಾದ್ ಲೈನು ಹಿಡಿದೆ. ಒಂದು ಸಂಜೆ ಸೀಟಿನ ಕೆಳಗೆ ದಪ್ಪನೆಯ ಪುಸ್ತಕ ಸಿಕ್ಕಿತು. ಐದು ಭಾಗದ ಮಾಯಾಲೋಕದ ಪ್ರೇಮಕತೆ, ಇದು ಮೊದಲನೆಯದು. ಗಾಳಿಕೋಟೆಯ ರಾಣಿಗೆ ವೈರಿ ದೇಶದ ಸವಾರನ ಮೇಲೆ ಮನಸ್ಸು. ಅವನ ಕುದುರೆಗೆ ರೆಕ್ಕೆ. ಆದರೆ ಒಂದು ಶಾಪ: ಅವನ ಹೆಸರನ್ನು ರಾಣಿ ಬಾಯಿಬಿಟ್ಟು ಹೇಳಿದರೆ ಅವನು ಕಲ್ಲಾಗುತ್ತಾನೆ. ನಿಂತಲ್ಲೇ ಹತ್ತು ಪುಟ ಓದಿದೆ. ಚಹಾ ಆರಿ ನೀರಾಯಿತು.

ಮೂರು ದಿನದ ರಜೆ ಮುಗಿಸಿ ಪುಸ್ತಕದ ಒಡತಿ ಬಂದರು. ದಿನಾ ನನ್ನ ಗಾಡಿಯಲ್ಲಿ ಹುಮನಾಬಾದಿನ ದವಾಖಾನೆಗೆ ಹೋಗುವ ಸಿಸ್ಟರ್, ನಿವೃತ್ತಿಗೆ ಎರಡೇ ವರ್ಷ ಉಳಿದವರು. ನಾಚಿಕೆಗೆ ಸುಳ್ಳು ಹೇಳಿದೆ: "ನಾ ಮುಟ್ಟಿ ಸೈತ ನೋಡಿಲ್ರಿ. ನನಗ ಅಕ್ಷರ ಕಡಿಮಿ."

ಸಿಸ್ಟರ್ ಪುಟ ತಿರುವಿದರು. "ಹೌದಾ? ಹಂಗಾದ್ರ ಕಡೀ ಪುಟದಾಗ ಈ ಡೀಸೆಲ್ ಚೀಟಿ ಯಾರು ಇಟ್ಟಾರ ತಮ್ಮಾ? ರಾಣಿನಾ?"

ಎರಡನೇ ಭಾಗವನ್ನು ಮರುದಿನ ತಾವೇ ತಂದುಕೊಟ್ಟರು.

೨. "ಗಾಡಿ ಬಿಡಬ್ಯಾಡ!"

ನಮ್ಮ ಸ್ಟ್ಯಾಂಡಿನಲ್ಲಿ ಗಾಡಿಗಳು ಪಾಳಿಯ ಪ್ರಕಾರ ಹೋಗುತ್ತವೆ. ಪಾಳಿ ನೋಡುವವರು ಒಬ್ಬ ಹಿರಿಯ ಚಾಚಾ. ಸೀಟು ತುಂಬುವತನಕ ಗಾಡಿ ಕದಲಬಾರದು, ತುಂಬಿದ ಮೇಲೆ ನಿಲ್ಲಬಾರದು. ತುಂಬುವತನಕ ಮಂದಿ ಡ್ರೈವರನ ಕುಲಗೋತ್ರ ಜಾಲಾಡುತ್ತಾರೆ.

ಅವತ್ತು ನಾನು ಓದುತ್ತ ಕುಂತಿದ್ದೆ. ಹಿಂದೆ ಕುಂತ ಬಳೆಗಾರ್ತಿ, "ಒಬ್ಬನ ಏನ್ ನಗಾಕತ್ತಿ? ಜೋರ್‌ಲೆ ಓದು, ನಾವೂ ಕೇಳ್ತೀವಿ" ಅಂದಳು. ಓದಿದೆ. ಗದ್ದಲ ನಿಂತಿತು. ಆರು ಸೀಟಾಯಿತು, ಎಂಟಾಯಿತು, ಹತ್ತಾಯಿತು. ಅಷ್ಟೊತ್ತಿಗೆ ವೈರಿ ಸೇನೆ ಕೋಟೆಯ ಬಾಗಿಲಿಗೆ ಬಂದಿತ್ತು.

ಚಾಚಾ ಗಾಡಿ ಬಡಿದರು. "ಮಿಯಾ, ಸೀಟ್ ಭರ್ತಿ ಆಗ್ಯಾವ. ನಡಿ, ನಿಕಾಲೋ!"

ನಾನು ಚಾವಿಗೆ ಕೈ ಹಾಕಿದರೆ ಹಿಂದಿನಿಂದ ಹತ್ತೂ ಮಂದಿ ಒಮ್ಮೆಲೇ: "ಗಾಡಿ ಬಿಡಬ್ಯಾಡ! ಬಾಗಿಲಾ ಒಡೀತಾರೋ ಇಲ್ಲೋ ಹೇಳು ಮೊದಲ!"

ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯತೊಡಗಿದವು. ಒಬ್ಬ ಡ್ರೈವರ್ ತೋಳು ಏರಿಸಿಕೊಂಡು ಇಳಿದೇ ಬಂದ. ಚಾಚಾ ಕೆಂಪಗಾದರು. "ನಿನ್ನ ಪಾಳಿ ಕ್ಯಾನ್ಸಲ್ ಮಾಡ್ತೀನಿ ನೋಡು! ಅಂಥಾದ್ದೇನದ ಇದರಾಗ?"

ಪಾಳಿ ಹೋದರೆ ಅವತ್ತಿನ ದುಡಿಮೆಯೇ ಹೋಯಿತು. ಗಡಬಡಿಸಿ ಶಾಪದ ಸಂಗತಿ ಹೇಳಿದೆ. ಹೆಸರು ಹೇಳಿದರೆ ಗಂಡು ಕಲ್ಲಾಗುತ್ತಾನೆ, ಹೇಳದಿದ್ದರೆ ಅವಳ ಪ್ರೀತಿ ಅವನಿಗೆ ತಿಳಿಯುವುದಿಲ್ಲ. ಚಾಚಾ ಗಾಡಿಯೊಳಗೆ ತಲೆ ತೂರಿಸಿದರು. ಹಾರ್ನೂ ನಿಂತಿತು.

ಬಳೆಗಾರ್ತಿ ಮಾತ್ರ ಮೂಗು ಮುರಿದಳು. "ಇದೇನ್ ದೊಡ್ಡ ಶಾಪ? ನಾ ನನ್ನ ಗಂಡನ ಹೆಸರ ಹೇಳಲಾರದ ಮೂವತ್ತ್ ವರ್ಷ ಆತು. ಅಂವ ಆದ್ರೂ ಕಲ್ಲಿನಂಗೇ ಕುಂತಾನ."

೩. ಟ್ರಂಕಿನ ಬೀಗ

ಐದನೇ ಭಾಗ ಕೈಗೆ ಬರುವಾಗ ಸಿಸ್ಟರಿಗೆ ದೂರದ ಊರಿಗೆ ವರ್ಗವಾಯಿತು. "ಶನಿವಾರ ಹನ್ನೊಂದಕ್ಕ ಹುಮನಾಬಾದಿನಿಂದ ನನ್ನ ಬಸ್ಸು. ಅಷ್ಟರಾಗ ಮುಗಿಸಿ ತಂದುಕೊಡು. ಐದೂ ಪುಸ್ತಕ ನನ್ನ ಮಗಳವು" ಅಂದರು. ಪುಸ್ತಕದಂಗಡಿಯವನಿಗೆ ಇನ್ನೊಂದು ಪ್ರತಿ ಕೇಳಿದೆ. ಅವನು ಹತ್ತನೇ ಕ್ಲಾಸಿನ ಗೈಡು ತೋರಿಸಿದ.

ಬುಧವಾರ ಮನೆಯಲ್ಲಿ ಓದುತ್ತಿದ್ದೆ. ನಲವತ್ತು ಪುಟ ಉಳಿದಿತ್ತು. ಸವಾರ ಬೆನ್ನು ತಿರುಗಿಸಿ ಹೊರಟಿದ್ದಾನೆ, ಅವನನ್ನು ತಡೆಯಲು ರಾಣಿ ಬಾಯಿ ತೆರೆಯುತ್ತಾಳೆ, ಅಷ್ಟರಲ್ಲಿ ಹೆಂಡತಿ ಪುಸ್ತಕ ಕಸಿದಳು. ಮೊದಲ ಪುಟದಲ್ಲಿ ಸಿಸ್ಟರ್ ಪೆನ್ನಿನಲ್ಲಿ ಬರೆದಿದ್ದರು: 'ಮರೀಬ್ಯಾಡ. ಹುಮನಾಬಾದಿನಾಗ ಕಾಯ್ತೀನಿ.'

"ನಾಕು ತಿಂಗಳಾತು, ಊರು ಬಿಟ್ಟು ಹೋಗಿಲ್ಲ. ಆವಾಗೇ ನನಗ ಸಂಶೇ ಬಂದಿತ್ತು" ಅಂದಳು. "ಯಾರಕಿ?"

"ಅಯ್ಯೋ, ಅವರಿಗಿ ಐವತ್ತೆಂಟು ವರ್ಷ ಆಗ್ಯದ!"

"ವಯಸ್ಸು ಸೈತ ಕೇಳಿ ಇಟ್ಕೊಂಡೀರಿ?"

ಪುಸ್ತಕ ಟ್ರಂಕಿಗೆ ಹೋಯಿತು, ಬೀಗದ ಕೈ ಅವಳ ಸೆರಗಿಗೆ. "ಶನಿವಾರ ನಾನೇ ಬಂದು ಕೊಡ್ತೀನಿ. ಅಕಿ ಮಾರೀನೂ ನೋಡ್ಕೊಂಡು ಬರ್ತೀನಿ." ಗುರುವಾರ ಕೈಮುಗಿದೆ. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬಂದರೆ ಮನೆತುಂಬ ಹೊಗೆ. ಜನ್ಮದಲ್ಲಿ ಒಂದು ರೊಟ್ಟಿ ಸೀಯಿಸಿದವಳಲ್ಲ, ಹಂಚಿನ ಮೇಲೆ ರೊಟ್ಟಿ ಇದ್ದಿಲಾಗಿತ್ತು. ಟ್ರಂಕಿನ ಬೀಗ ತೆರೆದಿತ್ತು. ಹೆಂಡತಿ ಗಾಳಿಕೋಟೆಯೊಳಗೆ ಹೋಗಿಬಿಟ್ಟಿದ್ದಳು.

೪. ಹುಮನಾಬಾದಿನ ದಾರಿ

ಶನಿವಾರ ಹೆಂಡತಿ ಪುಸ್ತಕ ಎದೆಗವಚಿಕೊಂಡು ಟಂಟಂ ಹತ್ತಿದಳು. ಬಳೆಗಾರ್ತಿ ಬಿಟ್ಟಾಳೆಯೇ? "ಯಕ್ಕಾ, ಕಡೀದು ನೀನೇ ಓದಿಬಿಡು!" ಚಾಚಾ ಪಾಳಿಯ ಚೀಟಿಯನ್ನು ಇನ್ನೊಬ್ಬನ ಕೈಗೆ ತುರುಕಿ, "ನಂದೂ ಒಂದು ಸೀಟ್" ಎಂದು ಒಳಗೆ ನುಗ್ಗಿದರು.

ಹತ್ತು ಗಂಟೆಗೆ ಹೊರಟೆವು. ಆಗ ಗೊತ್ತಾಯಿತು ನನ್ನ ಕರ್ಮ. ಟಂಟಂದ ಎಂಜಿನ್ ಇರುವುದು ಡ್ರೈವರನ ಬುಡಕ್ಕೇ. ಹಿಂದೆ ಹೆಂಡತಿ ಓದುತ್ತಾಳೆ, ಮಂದಿ "ಅಯ್ಯಯ್ಯೋ" ಅನ್ನುತ್ತಾರೆ, ನನಗೆ ಕೇಳುವುದು ಬರೇ ಟಡಟಡಟಡ. ಕನ್ನಡಿಯಲ್ಲಿ ಎಲ್ಲರ ಮುಖ ಕಾಣುತ್ತದೆ, ಕತೆ ಕಾಣುವುದಿಲ್ಲ!

ಒಂದು ಇಳಿಜಾರು ಸಿಕ್ಕಿತು. ತಡೆಯಲಾಗದೆ ಎಂಜಿನ್ ಬಂದ್ ಮಾಡಿ ಗಾಡಿ ಉರುಳಲು ಬಿಟ್ಟೆ. ಹೆಂಡತಿಯ ದನಿ ಸ್ವಚ್ಛ ಕೇಳಿತು: "ರಾಣಿ ಕಣ್ಣು ಮುಚ್ಚಿದಳು. ಅವನ ಹೆಸರು ತುಟಿಗೆ ಬಂತು..."

ಹಿಂದೆ ಲಾರಿ ಭೋಂ ಎಂದಿತು. ಇಳಿಜಾರು ಮುಗಿದಿತ್ತು, ಗಾಡಿ ನಡುರಸ್ತೆಯಲ್ಲಿ ನಿಲ್ಲುವುದರಲ್ಲಿತ್ತು. ಹೆದರಿ ಚಾವಿ ತಿರುವಿದೆ. ಟಡಟಡಟಡ. ರಾಣಿ ಏನಂದಳೋ ದೇವರೇ ಬಲ್ಲ. ಹಿಂದಿನಿಂದ ಚಾಚಾ ನನ್ನನ್ನೇ ಬೈದರು: "ನೀಟ್ ಗಾಡಿ ಹೊಡಿ! ಕತಿ ನಡುವ ಅಡ್ಡ ಬರಬ್ಯಾಡ!"

ಹನ್ನೊಂದಕ್ಕೆ ಎರಡು ನಿಮಿಷ ಇದ್ದಾಗ ಹುಮನಾಬಾದ್ ಮುಟ್ಟಿದೆವು. ಚಾಚಾ ರುಮಾಲಿನಿಂದ ಕಣ್ಣೊರೆಸಿಕೊಳ್ಳುತ್ತ ಇಳಿದರು. ಬಳೆಗಾರ್ತಿ ಮೂಗು ಸೀಟುತ್ತಿದ್ದಳು. ಹೆಂಡತಿ ಬಸ್ಸಿನ ಹತ್ತಿರ ಓಡಿ, ಸಿಸ್ಟರರ ಬೆಳ್ಳನೆಯ ತಲೆಯನ್ನು ಒಂದು ಗಳಿಗೆ ದಿಟ್ಟಿಸಿ, ಪುಸ್ತಕ ಕೊಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಬಸ್ಸು ಹೋಯಿತು.

"ಚಾಚಾ, ಏನಾತ್ರಿ ಕಡೀಕ?"

"ಆಣಿ ಮಾಡಿಸ್ಯಾಳ ಬೇಟಾ, ನಿನ್ನ ಹೆಂಡತಿ. ಯಾರೂ ಹೇಳಂಗಿಲ್ಲ."

ಹೆಂಡತಿ ಸೆರಗು ಸರಿಮಾಡಿಕೊಂಡಳು. "ದಿನಾ ಸಂಜಿಕ ಮನಿಗಿ ಬರ್ರಿ. ಜರಾ ಜರಾ ಹೇಳ್ತೀನಿ."

ಇದಾಗಿ ಐದು ತಿಂಗಳಾಯಿತು. ನಾನು ಊರು ಬಿಟ್ಟಿಲ್ಲ. ದಿನಾ ಸಂಜೆ ಕತೆ ನಡೆದಿದೆ. ಮೊನ್ನೆ ಸಿಸ್ಟರ್ ಫೋನ್ ಮಾಡಿ, ಕೊನೆ ಹೇಗಿತ್ತು ಎಂದು ಕೇಳಿದರು. ಇನ್ನೂ ಮುಗಿದಿಲ್ಲ ಅಂದೆ. "ನಲವತ್ತೇ ಪುಟ ಇದ್ದವಲ್ಲೋ ತಮ್ಮಾ! ನಾ ಹೇಳ್ಲೇನು?" ಅಂದರು. "ಬ್ಯಾಡ್ರಿ" ಎಂದು ಫೋನ್ ಇಟ್ಟುಬಿಟ್ಟೆ.

ಅವತ್ತು ಸಂಜೆ ಹೆಂಡತಿ ಕತೆ ಮುಂದುವರಿಸಿದಳು: "ರಾಣಿ ಸವಾರಗ ಅಂದಳು, ಮಳಿ ಬರೋ ಮೊದಲ ಮಾಳಿಗಿಗಿ ಮಣ್ಣು ಹಾಕ್ರಿ ಅಂತ."

"ಗಾಳಿಕೋಟಿಗಿ ಮಣ್ಣಿನ ಮಾಳಿಗಿ ಎಲ್ಲಿಂದ ಬಂತು?"

"ಕತಿ ಬೇಕೋ ಬ್ಯಾಡೋ?"

ಮರುದಿನ ಮುಂಜಾನೆ ಮಣ್ಣಿನ ಬುಟ್ಟಿ ಹೊತ್ತು ಮಾಳಿಗೆ ಏರಿದೆ. ಓಣಿಯಲ್ಲಿ ಬಳೆಗಾರ್ತಿ ಹೊರಟಿದ್ದಳು. ತಲೆ ಎತ್ತಿ ನೋಡಿ ಕೂಗಿದಳು:

"ಏ ಸವಾರಾ! ಕುದುರಿ ಎಲ್ಲಿ ಕಟ್ಟೀದಿ?"