ಖಾಲಿ ಹೊಟ್ಟೆಗೆ ನಾನು ಜಾಮೀನು

ಶಿವನ ದಯೆಯಿಂದ ನನಗೆ ಸಿಕ್ಕಿರುವುದು ಹೊಟ್ಟೆಯ ದವಾಖಾನೆಯ ಕೆಲಸ. ಮನುಷ್ಯನಿಗೆ ಹೊಟ್ಟೆ ಇರುವವರೆಗೆ ಅವನು ಏನಾದರೊಂದು ಮಾಡಿಕೊಂಡು ಬರುತ್ತಲೇ ಇರುತ್ತಾನೆ. ಹಾಗಾಗಿ ನಗುವ ಪ್ರಸಂಗಗಳಿಗೆ ನಮ್ಮಲ್ಲಿ ಕೊರತೆ ಬಿದ್ದಿಲ್ಲ.

ಸಿಂದಗಿ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ದವಾಖಾನೆ. ನಾನು ಕಂಪೌಂಡರ್. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಬಂದು ಬಾಗಿಲು ತೆಗೆಯುತ್ತೇನೆ. ಎದೆ ಉರಿ, ಹುಳಿ ತೇಗು ಎಂದು ಬಂದವರ ಬಾಯಿಂದ ಡಾಕ್ಟರ್ ಸಾಹೇಬರು ಕೊಳವೆಯಂಥ ದುರ್ಬೀನು ಇಳಿಸಿ ಟಿವಿಯಲ್ಲಿ ಹೊಟ್ಟೆ ನೋಡುತ್ತಾರೆ. ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಖಾಲಿ ಇದೆಯೋ ಇಲ್ಲವೋ ಕೇಳಿ ಒಳಗೆ ಬಿಡುವುದು ನನ್ನ ಪಾಲಿನ ಸೇವೆ. ಎದುರಿಗಿದ್ದವರು ಹೇಳಿದ್ದನ್ನು ನಾನು ನಂಬುತ್ತೇನೆ. ಸಾಹೇಬರು ಮುಸಲ್ಮಾನರು, ನಮಾಜು ತಪ್ಪಿಸಿದವರಲ್ಲ. ಆದರೆ ಹೊಟ್ಟೆಯ ವಿಷಯದಲ್ಲಿ ಯಾರನ್ನೂ ನಂಬಿದವರಲ್ಲ. "ಶರಣರ, ದೇವರನ್ನ ನಂಬ್ರಿ. ಪೇಶಂಟನ್ನ ಎರಡು ಸಲ ಕೇಳ್ರಿ" ಎಂದು ನನಗೆ ಹೇಳುತ್ತಾರೆ.

೧. ಪ್ರಸಾದ

ಬಸವನ ಬಾಗೇವಾಡಿ ಕಡೆಯ ಒಬ್ಬ ತಾಯಿ ಬಂದರು.

"ಅವ್ವಾರ, ಮುಂಜಾನಿಂದ ಏನರ ತಿಂದೀರೇನ್ರಿ?"

"ಶಿವಶಿವಾ, ಒಂದು ಗುಟುಕು ಚಾ ಸೈತ ಕುಡದಿಲ್ರಿ."

ಒಳಗೆ ಬಿಟ್ಟೆ. ಎರಡು ನಿಮಿಷಕ್ಕೆ ಸಾಹೇಬರ ದನಿ ಕೇಳಿಸಿತು. "ಶರಣರ! ಇಲ್ಲಿ ಗೋಧಿ ಹುಗ್ಗಿ ಐತಿ!"

ಹೊರಗೆ ಬಂದ ತಾಯಿಗೆ ನಾಚಿಕೆಯೇನೂ ಇರಲಿಲ್ಲ. "ಬರೂ ಹಾದ್ಯಾಗ ಮಠದಾಗ ಪ್ರಸಾದ ತಗೊಂಡೇನ್ರಿ. ದೇವರ ಪ್ರಸಾದ ಹೊಟ್ಟಿಗಿ ಅಡ್ಡ ಬರ್ತೈತೇನ್ರಿ?"

"ಎಷ್ಟು ತಗೊಂಡ್ರಿ?" ಎಂದೆ.

"ಬ್ಯಾಡ ಅನ್ನಬಾರದಲ್ರಿ. ಮೂರು ಸಲ ನೀಡಿದ್ರು."

ಸಾಹೇಬರು ಅಂದೇ ಹೇಳಿಬಿಟ್ಟರು. "ಇನ್ನೊಂದು ತುಂಬಿದ ಹೊಟ್ಟಿ ಒಳಗ ಬಂತಂದ್ರ ಕೇಳೂ ಕೆಲಸ ಬ್ಯಾರೆಯವರಿಗೆ. ನೀವು ಚೀಟಿ ಬರಕೋತ ಕುಂದರ್ರಿ."

ಚೀಟಿ ಬರೆಯುವುದು ಕೀಳು ಕೆಲಸವಲ್ಲ. ಆದರೆ ಮನುಷ್ಯರನ್ನು ನಂಬಿದ್ದಕ್ಕೆ ಹೀಗಾಯಿತಲ್ಲ ಎಂದು ಮನಸ್ಸಿಗೆ ಚುಚ್ಚಿತು.

೨. ಗೇಟು

ಮುಂದೆ ಬಂದವರು ಮುದ್ದೇಬಿಹಾಳ ಕಡೆಯ ರೈತ ದಂಪತಿ; ಎದೆ ಉರಿ ಗಂಡನಿಗೆ. ಊಟ ಆಗಿದೆಯೇ, ಚಾ ಆಗಿದೆಯೇ, ಪ್ರಸಾದ ಆಗಿದೆಯೇ, ಎಲೆ ಅಡಿಕೆ ಹಾಕಿದ್ದೀರಾ ಎಂದು ನಾನು ಒಂದೇ ಉಸಿರಿಗೆ ಕೇಳಿದೆ. "ಇದು ದವಾಖಾನಿನೋ ಪೊಲೀಸ್ ಠಾಣೇನೋ?" ಎಂದರು ರೈತರು. ದೇವರು ದೊಡ್ಡವನು, ಅವರ ಹೊಟ್ಟೆ ಖಾಲಿ ಇತ್ತು.

ಸಾಹೇಬರು ಅವರಿಗೆ ಬಿಡಿಸಿ ಹೇಳಿದರು. "ಹೊಟ್ಟಿ ಅಂದ್ರ ಕಾಲುವಿ ಇದ್ದಂಗ. ಕೆಳಗಿನ ಗೇಟು ಲಗೂ ತೆಗೀಲಿಲ್ಲಂದ್ರ ನೀರು ಹಿಂದಕ್ಕ ಏರ್ತೈತಿ. ಹಂಗ, ಉಂಡದ್ದು ಕೆಳಗ ಇಳಿಯಾಕ ತಡಾ ಆದ್ರ ಹುಳಿ ಎದಿಗಿ ಬರ್ತೈತಿ."

ರೈತರಿಗೆ ಪೂರಾ ಅರ್ಥವಾಯಿತು. "ನಮ್ಮ ಕಡೆ ಗೇಟು ತೆಗೀಲಿಲ್ಲಂದ್ರ ರಸ್ತಾ ತಡೀತೀವ್ರಿ. ಇಲ್ಲಿ ಏನು ತಡೀಬೇಕು?"

ಹೆಂಡತಿ ಹಿಂದಿನಿಂದ ಅಂದರು. "ಬಾಯಿಗಿ ಹೋಗೂ ಕೈ ತಡೀರಿ, ಸಾಕು."

೩. ಇಟ್ಟಂಗಿ

ಇಂಡಿ ಊರಿನ ಒಬ್ಬ ಅಜ್ಜಿಗೆ ಸಾಹೇಬರು ಎರಡೇ ಮಾತು ಹೇಳಿದ್ದರು. ಉಂಡ ಮೂರು ತಾಸು ಮಲಗಬಾರದು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಂಗಿ, ಅಂದರೆ ಇಟ್ಟಿಗೆ, ಇಟ್ಟು ಎತ್ತರ ಮಾಡಬೇಕು. ತಿಂಗಳ ಮೇಲೆ ಅಜ್ಜಿ ಒಂದು ಚೀಲ ಲಿಂಬೆಹಣ್ಣು ಕಾಣಿಕೆ ಹಿಡಿದು ಬಂದರು.

"ಮೊದಲ ಹುಳಿ ಎದಿ ತನಕ ಬರ್ತಿತ್ರಿ. ಈಗ ಮೂಗಿನ ತನಕ ಬರಾಕತ್ತೈತಿ."

"ಇಟ್ಟಂಗಿ ಇಟ್ಟೀರಿಲ್ಲೋ?" ಎಂದರು ಸಾಹೇಬರು.

"ಮಗ ನೀವು ಹೇಳಿದಂಗ ಇಟ್ಟಾನ್ರಿ. ಆದ್ರ ಆ ಕಡಿ ತಲಿ ಮಾಡಿದ್ರ ಕಾಲು ದೇವರ ಜಗಲಿ ಕಡಿ ಆಗ್ತಾವ. ಅದಕ್ಕ ತಿರುಗಿ ಮಲಗ್ತೇನಿ."

ತಿಂಗಳಿಡೀ ತಲೆ ಕೆಳಗೆ, ಕಾಲು ಮೇಲೆ! ಸಾಹೇಬರು ನನ್ನ ಮುಖ ನೋಡಿದರು. ನಾನು ತಡೆಯಲಾರದೆ "ಅವರು ಮಾಡಿದ್ದು ಬರೋಬರಿ ಐತ್ರಿ" ಎಂದೆ.

"ಬರೋಬರಿ ಐತಿ ಶರಣರ. ಆದ್ರ ದೇವರು ಯಾವ ದಿಕ್ಕಿಗಿ ಅದಾನ ಅಂತ ಹುಳಿಗಿ ಗೊತ್ತಿಲ್ಲಲ್ಲ! ಇಟ್ಟಂಗಿ ಈಗ ತಲಿ ಇರೂ ಕಡಿ ಇಡಸ್ರಿ."

೪. ಹೆಸರುಕಾಳು

ಸಿಂದಗಿ ತಾಲೂಕಿನದೇ ಒಬ್ಬ ಅಜ್ಜ. ಹಳೆಯ ಸಕ್ಕರೆ ಕಾಯಿಲೆ. ಹೊಟ್ಟೆ ಉಬ್ಬರ, ಬಾಯಿಗೆ ಹುಳಿನೀರು. ಮಂಗಳವಾರ ಬೆಳಿಗ್ಗೆ ಬಂದರು. ನಾನು ಮೂರು ಸಲ ಕೇಳಿದೆ.

"ಆದಿತ್ಯವಾರ ರಾತ್ರಿ ಉಂಡಿದ್ದ ಕಡೀ ಊಟರಿ. ನಿನ್ನೆ ಸೋಮವಾರ, ಶಿವನ ಉಪವಾಸ. ನೀರು ಬಿಟ್ಟು ಏನೂ ಮುಟ್ಟಾಂಗಿಲ್ಲ."

ಅವರ ಹಣೆಯ ವಿಭೂತಿ ನೋಡಿದೆ, ಕಣ್ಣು ನೋಡಿದೆ. "ಸಾಹೇಬ್ರ, ಈ ಹೊಟ್ಟಿಗಿ ನಾ ಜಾಮೀನು" ಎಂದು ಒಳಗೆ ಕರೆದುಕೊಂಡು ಹೋದೆ.

ದುರ್ಬೀನು ಇಳಿಯಿತು. ಸಾಹೇಬರು ದನಿ ಏರಿಸಲಿಲ್ಲ. "ಬರ್ರಿ, ನಿಮ್ಮ ಜಾಮೀನು ನೋಡ್ರಿ."

ಟಿವಿಯ ಮೇಲೆ ಹೆಸರುಕಾಳು ಸಿಪ್ಪೆ ಸಹಿತ ತೇಲುತ್ತಿತ್ತು.

ದುರ್ಬೀನು ಇಳಿಸುವ ಮೊದಲು ಹಾಕಿದ ಮದ್ದಿಗೆ ಅಜ್ಜನ ಗಂಟಲು ಜೋಮು ಹಿಡಿದು ಮಾತು ಬರುತ್ತಿರಲಿಲ್ಲ. ಇಲ್ಲ, ಇಲ್ಲ ಎಂದು ಕೈ ಆಡಿಸಿದರು; ಕಣ್ಣಲ್ಲಿ ನೀರು. ದುರ್ಬೀನು ತೆಗೆದು ಸಾಹೇಬರು ಅಂದರು. "ನಾಳಿಂದ ಚೀಟಿ ಬರೀರಿ ಶರಣರ."

ನಾನು ಕಣ್ಣು ಮುಚ್ಚಿ ಶಿವನನ್ನು ನೆನೆದೆ. "ಬರಿತೇನ್ರಿ. ಹೊರಗ ಅವರ ಮನಿಯವರು ಕುಂತಾರ, ಅವರನ್ನ ಒಂದು ಮಾತು ಕೇಳ್ರಿ."

ಸಾಹೇಬರು ಹೊರಗೆ ಬಂದು ಅಜ್ಜನ ಹೆಂಡತಿ ಅಜ್ಜಿಯನ್ನು ಕೇಳಿದರು. "ಅಮ್ಮಾ, ಹೆಸರುಕಾಳು ಪಲ್ಯಾ ಯಾವತ್ತು ಮಾಡಿದ್ರಿ?"

"ಆದಿತ್ಯವಾರ ರಾತ್ರಿರಿ. ಯಾಕ?"

"ಅದು ಇನ್ನೂ ಐತಿ."

"ಎಲ್ಲೈತ್ರಿ? ಗಡಿಗಿ ತಿಕ್ಕಿ ಡಬ್ಬ ಹಾಕೇನಲ್ಲ!"

"ನಿಮ್ಮ ಯಜಮಾನರ ಹೊಟ್ಟ್ಯಾಗ."

ಸಾಹೇಬರು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟರು. ಸಕ್ಕರೆ ಕಾಯಿಲೆ ಹಳೆಯದಾದರೆ ಹೊಟ್ಟೆಯ ನರಗಳು ಸೋಲುತ್ತವೆ, ಉಂಡದ್ದು ದಿನಗಟ್ಟಲೆ ಕೆಳಗೆ ಇಳಿಯುವುದಿಲ್ಲ, ಅದೇ ಹುಳಿಯಾಗಿ ಮೇಲೆ ಬರುತ್ತದೆ. ಖಾತ್ರಿ ಮಾಡಿಕೊಳ್ಳಲು ವಿಜಯಪುರದಲ್ಲಿ ಇನ್ನೊಂದು ತಪಾಸಣೆ ಆಗಬೇಕು ಎಂದು ತಿಳಿಸಿ ಹೇಳಿದರು. ಆಮೇಲೆ ಅಜ್ಜಿಯನ್ನೂ ಕರೆದುಕೊಂಡು ಒಳಗೆ ಹೋಗಿ ಅಜ್ಜನಿಗೆ ಕೈ ಮುಗಿದರು. "ತಪ್ಪಾತ್ರಿ ಯಜಮಾನ್ರ. ಆದ್ರ ಸಕ್ಕರಿ ಬ್ಯಾನಿ ಇದ್ದವರು ಉಪವಾಸ ನನ್ನ ಕೇಳಿ ಹಿಡೀರಿ." ನನ್ನ ಕಡೆ ತಿರುಗಿ ಅಂದರು. "ಕೇಳೂ ಕೆಲಸ ನಿಮ್ಮದ ಶರಣರ. ಇನ್ನ ಮ್ಯಾಲೆ ಮೊನ್ನಿದೂ ಕೇಳ್ರಿ."

ನನ್ನ ಎದೆ ಹಗುರವಾಯಿತು. ಅಜ್ಜನ ಮುಖ ಮಾತ್ರ ಇನ್ನೂ ಬಾಡಿತ್ತು. ಬಾಯಿ ಬಂದ ಕೂಡಲೇ ಕೇಳಿದರು. "ಸಾಹೇಬ್ರ, ಸೋಮವಾರ ಹಗಲೆಲ್ಲ ಹೊಟ್ಟ್ಯಾಗ ಹೆಸರುಕಾಳು ಇತ್ತಂದ್ರ, ಅದು ಉಪವಾಸ ಆತೇನ್ರಿ?"

"ರಂಜಾನ್ ರೋಜಾದ್ದಾದ್ರ ನಾ ಹೇಳ್ತಿದ್ದೆ. ಸೋಮವಾರದ್ದು ಶರಣರನ್ನ ಕೇಳ್ರಿ."

ನಾನು ಅಜ್ಜನ ಕೈ ಹಿಡಿದು ಹೇಳಿದೆ. "ಅಜ್ಜಾರ, ಶಿವ ಮನಸ್ಸು ನೋಡ್ತಾನ. ಹೊಟ್ಟಿ ನೋಡಾಂಗಿಲ್ಲ."

ಅಜ್ಜಿ ಸೆರಗು ಸರಿ ಮಾಡಿಕೊಂಡರು. "ಇಪ್ಪತ್ತು ವರ್ಷ ಸೋಮವಾರ ಹಿಡದ್ರೂ ನಾವು ಬೇಡಿದ್ದು ಒಂದೂ ಯಾಕ ಕೊಡಲಿಲ್ಲ ಅಂತಿದ್ದೆ. ಅಂವ ಹೊಟ್ಟೀನೂ ನೋಡ್ಯಾನ ಬಿಡ್ರಿ!"